ಹಕ್ಕಿಯ ಹುಟ್ಟು, ಕಲ್ಲಿನ ಸಾಕ್ಷಿ

ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಕಾಲದಲ್ಲಿ ಮೆಣಸಿನ ಗಿಡ ನಮ್ಮ ದೇಶಕ್ಕೆ ಬಂತು. ಆದರೆ ಅದರ ಹೆಸರು ಮೊದಲ ಸಲ ಕಾಗದಕ್ಕೇರಿದ ದಿನವೇ ಅದು ಈ ಮಣ್ಣಿನಲ್ಲಿ ಮೊಳೆತ ದಿನವೆಂದರೆ ಯಾವ ರೈತನೂ ನಕ್ಕಾನು. ಬೆಳೆ ಮೊದಲು, ದಾಖಲೆ ಆಮೇಲೆ. ಹಕ್ಕಿಗಳ ಹುಟ್ಟಿನ ಬಗ್ಗೆ ವಿಜ್ಞಾನಿಗಳು ಮೂರು ದಶಕಗಳಿಂದ ನಡೆಸಿರುವ ವಾದದ ತಿರುಳೂ ಇದೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಭೂಮಿಗೆ ಅಪ್ಪಳಿಸಿ ಡೈನೋಸಾರ್‌ಗಳು ಅಳಿದವು. ಇಂದಿನ ಹಕ್ಕಿಗಳ ವಂಶಗಳು ಅದಕ್ಕೆ ಮೊದಲೇ ಇದ್ದವೇ? ಬಹುಪಾಲು ಆ ದುರಂತದ ನಂತರವೇ ಹರಡಿದವು ಎಂದು ಅಮೆರಿಕದ ಅಲನ್ ಫೆಡುಚಿಯಾ 1995ರಲ್ಲಿ ಪಳೆಯುಳಿಕೆಗಳನ್ನು ಮುಂದಿಟ್ಟು ವಾದಿಸಿದರು. ಮರುವರ್ಷವೇ ಬ್ಲೇರ್ ಹೆಜಸ್ ಮತ್ತು ಸಂಗಡಿಗರು ಜೀನುಗಳ ವ್ಯತ್ಯಾಸವನ್ನು ಲೆಕ್ಕ ಹಾಕಿ, ಕವಲುಗಳು ಸುಮಾರು 10 ಕೋಟಿ ವರ್ಷಗಳಷ್ಟು ಹಳೆಯವು ಎಂದರು. ಹಾಗಿದ್ದರೆ ಮೂಳೆಗಳೆಲ್ಲಿ ಎಂಬುದು ಎದುರು ಪಕ್ಷದವರ ಪ್ರಶ್ನೆ.

ಮೂಳೆಗಳು ಒಂದೊಂದಾಗಿ ಬಂದವು. ಅಂಟಾರ್ಕ್ಟಿಕಾದ ವೇಗಾ ದ್ವೀಪದಲ್ಲಿ ಸಿಕ್ಕ ವೇಗಾವಿಸ್ ಬಾತುಕೋಳಿಯ ಬಂಧುವೆಂದು 2005ರಲ್ಲಿ ಪ್ರಕಟವಾಯಿತು. ಕೆಲವರು ಒಪ್ಪಲಿಲ್ಲ. 2025ರಲ್ಲಿ ಅದರ ತಲೆಬುರುಡೆಯ ಅಧ್ಯಯನ ಹೊರಬಂದು ಹಳೆಯ ಮಾತಿಗೆ ಬಲ ಬಂತು. 2020ರಲ್ಲಿ ಬೆಲ್ಜಿಯಂನ ಆಸ್ಟೀರಿಯಾರ್ನಿಸ್, ಕೋಳಿ ಮತ್ತು ಬಾತುಗಳ ಪೂರ್ವಜರಿಗೆ ಸಮೀಪದ ಹಕ್ಕಿ, ಬೆಳಕಿಗೆ ಬಂತು. ಅದು ದುರಂತಕ್ಕಿಂತ ಹತ್ತು ಲಕ್ಷ ವರ್ಷವೂ ಹಿಂದಿನದಲ್ಲ. ಈಗಿನ ಒಲವು ನಡುದಾರಿಯದು: ಬೇರು ದುರಂತಕ್ಕೆ ಮೊದಲಿನದು, ಕೊಂಬೆಗಳು ಬಹುಪಾಲು ಆಮೇಲಿನವು.

ನಮ್ಮ ಹಾವೇರಿ ಸೀಮೆಯಲ್ಲಿ ಹುಡುಕಿದರೆ? ಇಲ್ಲಿನ ಬಂಡೆಗಳ ವಯಸ್ಸು 250 ಕೋಟಿ ವರ್ಷ ಮೀರಿದ್ದು. ಭೂವಿಜ್ಞಾನಿಗಳು ಒಂದು ಶಿಲಾಸ್ತರಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಆಗ ಹಕ್ಕಿಯಿರಲಿ, ಮೀನೂ ಹುಟ್ಟಿರಲಿಲ್ಲ. ಆದ್ದರಿಂದ ಇಲ್ಲಿ ಹಳೆಯ ಹಕ್ಕಿಯ ಮೂಳೆ ಸಿಗದಿದ್ದರೆ ಹಕ್ಕಿ ಇರಲಿಲ್ಲ ಎಂದಲ್ಲ. ಆ ಕಾಲದ ಪುಟವೇ ನಮ್ಮ ಪುಸ್ತಕದಲ್ಲಿಲ್ಲ.

ಆದರೆ ಇನ್ನೊಂದು ಪುಟ ನಮ್ಮ ಕಣ್ಣೆದುರೇ ಹರಿಯಿತು. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯ ಕೃಷ್ಣಮೃಗಗಳಿಗಷ್ಟೇ ಅಲ್ಲ, ಎರೆಭೂತ ಹಕ್ಕಿಗೂ ಹೆಸರಾಗಿತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ತೋಪುಗಳೆದ್ದವು; ಆ ಹಕ್ಕಿ ಈಗ ಅಲ್ಲಿ ಕಾಣುವುದಿಲ್ಲ. ಡೈನೋಸಾರ್‌ಗಳನ್ನು ಅಳಿಸಿದ ಗಂಡಾಂತರ ದಾಟಿ ಬಂದ ವಂಶದ ಕುಡಿಯೊಂದು ನಮ್ಮೂರ ಹುಲ್ಲಿನಲ್ಲಿ ಒಂದು ತಲೆಮಾರಿನೊಳಗೆ ಸೋತಿತು. ಅದು ಇಲ್ಲಿ ಬದುಕಿತ್ತೆಂಬುದಕ್ಕೆ ಮುಂದಿನವರು ಕಲ್ಲನ್ನು ಕೇಳುವ ಪಾಡು ಬಾರದಿರಲಿ. ಕಂಡ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳೋಣ, ಬರೆದಿಡೋಣ, ಉಳಿದ ಹುಲ್ಲನ್ನು ಉಳಿಸೋಣ.