ಎಳ್ಳು ಬೀರುವ ತಟ್ಟೆಯ ಚರಿತ್ರೆ

ಹಳೇ ಮೈಸೂರಿನ ಮನೆಗಳಲ್ಲಿ ಸಂಕ್ರಾಂತಿ ಶುರುವಾಗುತ್ತಿದ್ದುದು ಅಡಕತ್ತರಿಯಿಂದ. ಹಬ್ಬ ಇನ್ನೂ ವಾರ ಹತ್ತು ದಿನ ಇರುವಾಗಲೇ ಕೊಬ್ಬರಿ ಗಿಟುಕಿನ ಕಂದು ಸಿಪ್ಪೆ ಹೆರೆದು, ತೆಳ್ಳಗೆ ಸೀಳಿ, ಸಣ್ಣ ಚೂರು ಮಾಡಿ ಬಿಸಿಲಿಗೆ ಹರವುತ್ತಿದ್ದರು. ಅಚ್ಚುಬೆಲ್ಲವನ್ನೂ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ಒಣಗಿಸಬೇಕು. ಬೆಲ್ಲ ಹಸಿಯಾಗಿದ್ದರೆ ಎಳ್ಳು ಅಂಟಿಕೊಂಡು ಇಡೀ ಡಬ್ಬ ಮುದ್ದೆಯಾಗುತ್ತದೆ. ಕಡಲೆಕಾಯಿ ಬೀಜ ಹುರಿದು, ಅಂಗೈಯಲ್ಲಿ ಉಜ್ಜಿ ಸಿಪ್ಪೆ ಹಾರಿಸಿ, ಎರಡು ಹೋಳು ಮಾಡುವುದು ಮಕ್ಕಳ ಪಾಲಿನ ಕೆಲಸ. ಹುರಿಗಡಲೆ ಅಂಗಡಿಯಿಂದ ಬರುತ್ತಿತ್ತು. ಬಿಳಿ ಎಳ್ಳನ್ನು ತೊಳೆದು, ಒಣಗಿಸಿ, ಚಟಪಟ ಸಿಡಿಯುವವರೆಗೆ ಹುರಿದು ಬೆರೆಸಿದರೆ ಮಿಶ್ರಣ ಸಿದ್ಧ. ಕರಿ ಎಳ್ಳು ಪಿತೃಕಾರ್ಯಕ್ಕೆ ಮೀಸಲು. ಬೀರುವುದಕ್ಕೆ ಬಿಳಿಯದೇ ಆಗಬೇಕು.

ಇಷ್ಟೂ ಕೆಲಸ ನಡೆಯುತ್ತಿದ್ದುದು ಬೇರೆಯವರಿಗೆ ಕೊಡಲಿಕ್ಕೆ. ಹಬ್ಬದ ಸಂಜೆ ಹೆಣ್ಣುಮಕ್ಕಳು ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿಹಣ್ಣು, ಅರಿಶಿನ ಕುಂಕುಮ ಇಟ್ಟುಕೊಂಡು ಬೀದಿಯ ಮನೆಮನೆಗೂ ಹೋಗಿ ಎಳ್ಳು ಬೀರಿ ಬರುತ್ತಾರೆ. ಹೊಸದಾಗಿ ಮದುವೆಯಾದವಳು ಮೊದಲ ಐದು ಸಂಕ್ರಾಂತಿಗಳಲ್ಲಿ ವರ್ಷ ವರ್ಷಕ್ಕೂ ಐದೈದು ಹೆಚ್ಚಿಸುತ್ತ ಮುತ್ತೈದೆಯರಿಗೆ ಬಾಳೆಹಣ್ಣು ಕೊಡುವ ಪದ್ಧತಿಯೂ ಉಂಟು. ಕೊಟ್ಟ ಮನೆಯಿಂದ ತಟ್ಟೆ ಬರಿದಾಗಿ ಬರುವುದಿಲ್ಲ. ಅವರ ಎಳ್ಳು ಇವರ ಮನೆಗೆ, ಇವರ ಎಳ್ಳು ಅವರ ಮನೆಗೆ. ಯಾರ ಮನೆಯ ಬೆಲ್ಲ ಸಣ್ಣಗೆ ಕತ್ತರಿಸಿತ್ತು, ಯಾರ ಅಚ್ಚು ಬೆಳ್ಳಗಿತ್ತು ಎಂಬ ಮಾತು ಹಬ್ಬ ಮುಗಿದ ಮೇಲೂ ಬೀದಿಯಲ್ಲಿ ಓಡಾಡುತ್ತಿತ್ತು.

ಈ ತಟ್ಟೆ ಅನಾದಿಯಿಂದ ಹೀಗೇ ಇದೆ ಎಂದು ನಂಬುವುದು ಸುಲಭ. ಆದರೆ ಅದರೊಳಗಿನ ಒಂದೊಂದು ಪದಾರ್ಥವೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಿಂದ ಬಂದು ಸೇರಿದೆ. ಕೆಲವಕ್ಕೆ ನಾಲ್ಕು ಸಾವಿರ ವರ್ಷದ ವಯಸ್ಸು. ಕೆಲವು ನಮ್ಮ ಮುತ್ತಜ್ಜಿಯರ ಕಣ್ಣೆದುರೇ ಬಂದವು.

ಎಲ್ಲಕ್ಕಿಂತ ಹಿರಿಯದು ಎಳ್ಳು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಕಾದ ಎಳ್ಳು ಸಿಕ್ಕಿದೆ; ಈ ಬೆಳೆಯನ್ನು ಮೊದಲು ಪಳಗಿಸಿದ್ದು ಭಾರತ ಉಪಖಂಡದಲ್ಲೇ ಎಂಬುದು ಇಂದು ಸಸ್ಯವಿಜ್ಞಾನಿಗಳ ಹೆಚ್ಚಿನ ಒಪ್ಪಿಗೆ ಪಡೆದ ಮಾತು. ಬೆಲ್ಲವೂ ಹಳೆಯದೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದಲ್ಲಿ ಇರಬೇಕಾದ ಸಿಹಿಗಳ ಪಟ್ಟಿಯೊಳಗೆ ಬೆಲ್ಲವೂ ಸೇರಿದಂತೆ ಕಾಕಂಬಿಯಿಂದ ಹರಳುಸಕ್ಕರೆಯವರೆಗೆ ಐದು ಬಗೆ ಹೇಳಿದೆ. ಕನ್ನಡದಲ್ಲೇ ನೋಡುವುದಾದರೆ, ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯ 1025ರಲ್ಲಿ ಬರೆದ ಲೋಕೋಪಕಾರದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. 16ನೇ ಶತಮಾನದ ಆರಂಭಕ್ಕೆ ಬಂದರೆ ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಟ್ಟು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದ.

ಈ ಹಳೆಯ ಪಾಕಶಾಸ್ತ್ರಗಳಿಗೆ ಗೊತ್ತಿರದ ಒಂದು ವಸ್ತು ಇಂದಿನ ಎಳ್ಳುಬೆಲ್ಲದಲ್ಲಿದೆ: ಕಡಲೆಕಾಯಿ. ಅದು ದಕ್ಷಿಣ ಅಮೆರಿಕದ ಗಿಡ. ಕೊಲಂಬಸ್ ಹಡಗು ಹತ್ತಿದ 1492ಕ್ಕೆ ಮೊದಲು ಭಾರತದಲ್ಲಿ ಅದನ್ನು ಕಂಡವರಿಲ್ಲ. ಪೋರ್ಚುಗೀಸರ ಕಾಲದ ಸಮುದ್ರ ವ್ಯಾಪಾರದಲ್ಲಿ ಇತ್ತ ಬಂದ ಮೇಲೂ ಬಹಳ ಕಾಲ ಅದು ಹಿತ್ತಿಲ ಬೆಳೆಯಾಗಿಯೇ ಉಳಿಯಿತು. ಅದು ಹೊಲ ಹೊಲಕ್ಕೆ ಹಬ್ಬಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಕಾರಣ ಫ್ರಾನ್ಸಿನ ಮಾರ್ಸೇ ಪಟ್ಟಣದ ಎಣ್ಣೆ ಗಾಣಗಳು ಮತ್ತು ಸಾಬೂನು ಕಾರ್ಖಾನೆಗಳು. ಅವುಗಳ ಬೇಡಿಕೆ ಪೂರೈಸಲು ಪಾಂಡಿಚೇರಿ ಬಂದರಿನಿಂದ ಮದ್ರಾಸ್ ಪ್ರಾಂತ್ಯದ ಕಡಲೆಕಾಯಿ ಹಡಗುಗಟ್ಟಲೆ ಹೋಗತೊಡಗಿತು. ಒಣಭೂಮಿಗೆ ಒಗ್ಗುವ, ಕೈಗೆ ಕಾಸು ತರುವ ಈ ಬೆಳೆ ನಮ್ಮ ಬಯಲುಸೀಮೆಯ ಕೆಂಪು ಮಣ್ಣಿಗೆ ಹೇಳಿ ಮಾಡಿಸಿದಂತಿತ್ತು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಹೊಸ ಫಸಲನ್ನು ಬಸವಣ್ಣನಿಗೆ ಒಪ್ಪಿಸುವ ಜಾತ್ರೆ. ಅಲ್ಲಿ ಸೇರು ಲೆಕ್ಕದಲ್ಲಿ ಕೊಂಡು ತಂದ ಕಾಯಿಯೇ ಎಷ್ಟೋ ಮನೆಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ಬಾಣಲೆಗೆ ಬೀಳುತ್ತಿತ್ತು. ಪರದೇಶದ ಬೀಜವೊಂದು ಹೀಗೆ ಬಸವನ ಪ್ರಸಾದವೂ ಆಗಿ, ಎಳ್ಳಿನ ಜೊತೆಗಾರನೂ ಆಯಿತು.

ಕೊಬ್ಬರಿ ಬರುವುದು ತಿಪಟೂರು, ಅರಸೀಕೆರೆ ಕಡೆಯಿಂದ. ಅಲ್ಲಿನ ಉಂಡೆ ಕೊಬ್ಬರಿಗೆ ಅವಸರ ಆಗದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗಲೇ ಒಡೆಯುವುದು. ಹೊಗೆ, ಬೆಂಕಿ ತಾಕದೆ ಒಣಗಿದ ಈ ಕೊಬ್ಬರಿಯ ಚೂರು ಎಳ್ಳುಬೆಲ್ಲದಲ್ಲಿ ವಾರಗಟ್ಟಲೆ ಮುಗ್ಗುವುದಿಲ್ಲ.

ಇನ್ನು ಸಕ್ಕರೆ ಅಚ್ಚು. ತಟ್ಟೆಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಇದರ ಮೇಲೆ. ಗಿಳಿ, ಮೀನು, ಹಂಸ, ತುಳಸಿಕಟ್ಟೆ, ಹೂಬುಟ್ಟಿ, ಗೋಪುರ. ಇದನ್ನು ಬೆಲ್ಲದಲ್ಲಿ ಮಾಡಲು ಬರುವುದಿಲ್ಲ, ಅದಕ್ಕೊಂದು ಕಾರಣವಿದೆ. ಬೆಲ್ಲದಲ್ಲಿ ಸುಕ್ರೋಸಿನ ಜೊತೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಗಣನೀಯವಾಗಿ ಇರುತ್ತವೆ. ಪಾಕ ಆರುವಾಗ ಸಕ್ಕರೆಯ ಹರಳು ಕಟ್ಟಿಕೊಳ್ಳದಂತೆ ಅವು ಅಡ್ಡ ಬರುತ್ತವೆ. ಕಡಲೆಕಾಯಿ ಮಿಠಾಯಿಗೆ ಇದು ವರ. ಪಾಕದ ಹನಿಯನ್ನು ನೀರಿಗೆ ಬಿಟ್ಟು, ತೆಗೆದು ತಟ್ಟೆಯ ಅಂಚಿಗೆ ಬಡಿದಾಗ ಠಣ್ ಎಂದರೆ ಹದ ಬಂತು; ಮಿಠಾಯಿ ಗಾಜಿನಂತೆ ಗಟ್ಟಿಯಾಗಿ, ಕಡಿದರೆ ಕಟಕ್ಕನೆ ಮುರಿಯುತ್ತದೆ. ಅಚ್ಚಿಗೆ ಬೇಕಾದುದು ಇದರ ವಿರುದ್ಧ. ಪಾಕ ಒಮ್ಮೆಗೇ ಸಣ್ಣ ಸಣ್ಣ ಹರಳಾಗಿ ಹೆಪ್ಪುಗಟ್ಟಬೇಕು, ಗಿಳಿಯ ಕೊಕ್ಕು ಮೊನಚಾಗಿ ಮೂಡಬೇಕು. ಅದಕ್ಕೆ ಶುದ್ಧವಾದ ಬಿಳಿ ಸಕ್ಕರೆಯೇ ಬೇಕು.

ಬಿಳಿ ಸಕ್ಕರೆ ಸಾಮಾನ್ಯರ ಮನೆಗೆ ಬಂದದ್ದು ತೀರ ತಡವಾಗಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆಯನ್ನು ಚೀನಾದ್ದಕ್ಕೆ ಸಮ ಎಂದು ಮೆಚ್ಚಿಕೊಂಡ. ಆದರೆ ಅದರ ಬೆಲೆ ವಿಪರೀತವಾಗಿತ್ತೆಂದೂ ದಾಖಲಿಸಿದ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣಕ್ಕೆ ಸಕ್ಕರೆ ಮಾಡುವ ಈ ವಿದ್ಯೆಯನ್ನು ತರಿಸಿದ್ದನಂತೆ, ಆದರೆ ಅದನ್ನು ಗುಟ್ಟಾಗಿ ಇಡಲಾಗಿತ್ತು. 1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರು ಆಲೆಮನೆಯಲ್ಲಿ ಮಾಡಿದ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧಿ ಮಾಡುವುದು ಅದರ ಕೆಲಸ. 20ನೇ ಶತಮಾನದ ಮೊದಲ ದಶಕಗಳಲ್ಲಿ ಭಾರತದ ಪೇಟೆಗೆ ಬರುತ್ತಿದ್ದ ಬಿಳಿ ಸಕ್ಕರೆಯ ಬಹುಪಾಲು ಜಾವಾದ್ದು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಸಿಕ್ಕಿತು. ಕನ್ನಂಬಾಡಿ ಅಣೆಕಟ್ಟೆಯ ನೀರು ನಾಲೆಯಲ್ಲಿ ಹರಿದು ಮಂಡ್ಯದ ಹೊಲಗಳು ಕಬ್ಬಿನ ಗದ್ದೆಯಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ದುಡಿಮೆ ದೊಡ್ಡದು. ಮನೆಮನೆಯಲ್ಲೂ ಸಕ್ಕರೆ ಅಚ್ಚು ಹೊಯ್ಯುವಷ್ಟು ಸಕ್ಕರೆ ಅಗ್ಗವಾಗಿ ಸಿಗುವುದು ಇದಕ್ಕೂ ಮುಂಚೆ ಸಾಧ್ಯವಿರಲಿಲ್ಲ ಎಂದು ಊಹಿಸಿದರೆ ತಪ್ಪಾಗದು. ಉಳ್ಳವರ ಮನೆಯ ಬೆಡಗು ಎಲ್ಲರ ಮನೆಯ ಹಬ್ಬವಾದದ್ದು ನಾಲೆ ಮತ್ತು ಕಾರ್ಖಾನೆಯಿಂದ.

ಅಚ್ಚು ಹೊಯ್ಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡುತ್ತಾರೆ. ಒಣ ಮರ ಪಾಕವನ್ನು ಹೀರಿ ಅಂಟಿಸಿಕೊಳ್ಳುತ್ತದೆ, ನೀರು ಕುಡಿದ ಮರ ಬಿಟ್ಟುಕೊಡುತ್ತದೆ. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಒಂದಿಷ್ಟು ಹಾಲು ಬಿಟ್ಟರೆ ಅದು ಒಡೆದು ಕಸವನ್ನೆಲ್ಲ ಕಟ್ಟಿಕೊಂಡು ಮೇಲೇಳುತ್ತದೆ. ಆ ನೊರೆ ತೆಗೆದು, ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸಿಡುತ್ತಾರೆ. ನಿಂಬೆರಸ ಹಾಕುವವರು ನಾಲ್ಕು ಹನಿಗೇ ನಿಲ್ಲಿಸಬೇಕು. ಹುಳಿ ಹೆಚ್ಚಾದರೆ ಸುಕ್ರೋಸ್ ಒಡೆದು ಅಚ್ಚು ಕಟ್ಟುವುದೇ ಇಲ್ಲ. ಮುಂದಿನದು ಒಂದೊಂದೇ ಸೌಟಿನ ಲೆಕ್ಕ. ಸಣ್ಣ ದಪ್ಪತಳದ ಪಾತ್ರೆಯಲ್ಲಿ ಸ್ವಲ್ಪವೇ ಪಾಕ ತೆಗೆದುಕೊಂಡು ಉಂಡೆಪಾಕದ ಹದಕ್ಕೆ, ಅಂದರೆ ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ, ಕಾಯಿಸಿ ಕದಡುತ್ತ ಹೋದಂತೆ ಪಾತ್ರೆಯ ಅಂಚು ಬೆಳ್ಳಗಾಗುತ್ತದೆ. ಅದೇ ಗಳಿಗೆ. ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿದ ಅಚ್ಚಿಗೆ ತಕ್ಷಣ ಸುರಿಯಬೇಕು. ಸ್ವಲ್ಪ ಬೇಗ ಸುರಿದರೆ ಒಳಗೆ ಜಿಗುಟು, ಸ್ವಲ್ಪ ತಡವಾದರೆ ಪಾತ್ರೆಯಲ್ಲೇ ಕಲ್ಲು. ಕೆಲವೇ ನಿಮಿಷಕ್ಕೆ ಕಟ್ಟು ಬಿಚ್ಚಿ, ಹೋಳು ಮೆಲ್ಲಗೆ ಸರಿಸಿದರೆ ಬೆಳ್ಳನೆಯ ಗಿಳಿ ಈಚೆಗೆ ಬರುತ್ತದೆ. ಥರ್ಮಾಮೀಟರ್ ಮುಟ್ಟದ ಹೆಂಗಸರು ಈ ಹದವನ್ನು ಕಣ್ಣಿನಲ್ಲೇ ಅಳೆದರು. ಲೋಕೋಪಕಾರಕ್ಕೆ ಕವಿಯ ಹೆಸರಿದೆ, ಈ ವಿದ್ಯೆಯನ್ನು ರೂಪಿಸಿದವರದು ಒಂದು ಹೆಸರೂ ಉಳಿದಿಲ್ಲ. ಇದು ಸಣ್ಣ ನಷ್ಟವಲ್ಲ.

ಉತ್ತರ ಕರ್ನಾಟಕದಲ್ಲಿ ಸಕ್ಕರೆಯ ಗೊಂಬೆಗೆ ಬೇರೆಯೇ ಹಬ್ಬವಿದೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಗೌರಿ ಇಟ್ಟ ಮನೆಗೆ ಹೋಗುತ್ತಾರೆ. ಆನೆ, ತೇರು, ನವಿಲು, ಬಸವಣ್ಣ, ಎಲ್ಲವೂ ಸಕ್ಕರೆಯವೇ, ಬಣ್ಣ ಬಣ್ಣದವು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಕಡೆಯವರು ಸೀರೆಯ ಜೊತೆ ಸಕ್ಕರೆ ಆರತಿ ತರುವುದು ಹಾವೇರಿ, ಗದಗ, ಧಾರವಾಡದ ಸೀಮೆಯಲ್ಲಿ ಇಂದಿಗೂ ರೂಢಿ.

ಸಂಕ್ರಾಂತಿಗೆ ಅಲ್ಲಿ ಕೈಬದಲಾಗುವುದು ಕುಸುರೆಳ್ಳು. ಕೆಂಡದ ಮಂದ ಉರಿಯ ಮೇಲೆ ಅಗಲವಾದ ಪರಾತ. ಅದರಲ್ಲಿ ಒಂದು ಹಿಡಿ ಎಳ್ಳು. ಚಮಚದಿಂದ ತೆಳು ಸಕ್ಕರೆ ಪಾಕ ಹನಿಸುತ್ತ, ಬೆರಳ ತುದಿಯಿಂದ ಎಳ್ಳನ್ನು ಹೊರಳಿಸುತ್ತ ಇರಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಗಂಟೆಗಟ್ಟಲೆ ಹೀಗೆ ಕೂತರೆ ಒಂದೊಂದು ಕಾಳಿಗೂ ಸುತ್ತ ಬಿಳಿ ಮುಳ್ಳು ಏಳುತ್ತದೆ. ಉರಿ ಜೋರಾದರೆ ಕೆಂಪಾಗುತ್ತದೆ, ಕೈ ಒರಟಾದರೆ ಮುಳ್ಳು ಮುರಿಯುತ್ತದೆ, ಗಾಳಿಯಲ್ಲಿ ಪಸೆ ಇದ್ದರೆ ಏಳುವುದೇ ಇಲ್ಲ. ಪುಷ್ಯದ ಒಣ ಚಳಿ ಇದಕ್ಕೆ ಬೇಕೇ ಬೇಕು. ಬೆಳಗಾವಿ ಕಡೆ ಮತ್ತು ಮಹಾರಾಷ್ಟ್ರದಲ್ಲಿ ಇದನ್ನು ದಾರಕ್ಕೆ ಪೋಣಿಸಿ ಸರ, ಬಳೆ, ಕಿರೀಟ ಮಾಡಿ ಎಳೆಮಕ್ಕಳಿಗೂ ಹೊಸ ಮದುವಣಗಿತ್ತಿಗೂ ತೊಡಿಸುತ್ತಾರೆ. ಮೈಸೂರಿನ ಎಳ್ಳಿನ ಪೊಟ್ಟಣದಲ್ಲಿ ಮಕ್ಕಳು ಹುಡುಕುವ ಬಣ್ಣದ ಜೀರಿಗೆ ಪೆಪ್ಪರಮೆಂಟೂ ಹುಟ್ಟುವುದು ಇದೇ ಪದರದ ಮೇಲೆ ಪದರದ ಕ್ರಮದಲ್ಲೇ. ಅಲ್ಲಿ ಬೆರಳಿನ ಕೆಲಸವನ್ನು ತಿರುಗುವ ಯಂತ್ರದ ಪಾತ್ರೆ ಮಾಡುತ್ತದೆ.

ಗೋಕಾಕ ಮತ್ತು ಅಮೀನಗಡದ ಕರದಂಟನ್ನು ಇಲ್ಲಿ ನೆನೆಯದೆ ಹೋಗಲಾಗದು. ಕರಿದ ಅಂಟು, ಬೆಲ್ಲ, ಕೊಬ್ಬರಿ, ಗಸಗಸೆ, ಗೋಡಂಬಿ, ಬಾದಾಮಿ. ಬಾಣಂತಿಯರ ಪುಷ್ಟಿಗೆಂದು ಮನೆಯಲ್ಲಿ ಮಾಡುತ್ತಿದ್ದ ಉಂಡೆಯ ಬಳಗದ್ದೇ ಇದು. ಆದರೆ ಇದು 20ನೇ ಶತಮಾನದಲ್ಲಿ ಅಂಗಡಿಯ ಹಾದಿ ಹಿಡಿದು ಊರಿಗೆ ಹೆಸರು ತಂದಿತು. ಊರಿಗೆ ಬಂದ ನೆಂಟರು ಹೊರಡುವಾಗ ಕೈಗೆ ಕರದಂಟಿನ ಡಬ್ಬಿ ಇಡುವುದು ಆ ಭಾಗದ ಮರ್ಯಾದೆ.

ಎಳ್ಳುಬೆಲ್ಲವೂ ಈಗ ಅಂಗಡಿಗೆ ಬಂದಿದೆ. ಬೆಂಗಳೂರಿನ ಗಾಂಧಿ ಬಜಾರು, ಮಲ್ಲೇಶ್ವರಗಳಲ್ಲಿ ಜನವರಿ ಹುಟ್ಟುತ್ತಲೇ ಕತ್ತರಿಸಿದ ಕೊಬ್ಬರಿ, ಕತ್ತರಿಸಿದ ಬೆಲ್ಲ, ಸಿದ್ಧ ಮಿಶ್ರಣ, ಸಕ್ಕರೆ ಅಚ್ಚು ಎಲ್ಲವೂ ರಾಶಿ ಬೀಳುತ್ತವೆ. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಹತ್ತು ದಿನ ಅಡಕತ್ತರಿ ಹಿಡಿದು ಕೂರುವವರು ಯಾರು? ಕೊಂಡು ತಂದರೂ ಬೀರುವುದನ್ನು ಬಿಟ್ಟಿಲ್ಲವಲ್ಲ, ಅದು ಮೆಚ್ಚಬೇಕಾದ್ದೇ. ಕಡಲೆಕಾಯಿಗೂ ಕಾರ್ಖಾನೆಯ ಸಕ್ಕರೆಗೂ ಜಾಗ ಕೊಟ್ಟ ಪದ್ಧತಿ ಪ್ಲಾಸ್ಟಿಕ್ ಪೊಟ್ಟಣಕ್ಕೂ ಜಾಗ ಕೊಟ್ಟಿತು. ಆದರೆ ಪದಾರ್ಥ ಬದಲಾದಾಗಲೆಲ್ಲ ಕೈ ಉಳಿದಿತ್ತು. ಈ ಸಲ ಹೋಗುತ್ತಿರುವುದು ಕೈಯೇ. ಪಾಕದ ಹದ ಪುಸ್ತಕದಲ್ಲಿಲ್ಲ, ಒಂದು ತಲೆಮಾರು ಮಾಡದೆ ಬಿಟ್ಟರೆ ಮುಂದಿನವರಿಗೆ ಹೇಳಿಕೊಡಲು ಯಾರೂ ಇರುವುದಿಲ್ಲ.

ಅಟ್ಟದ ಮೇಲೆ ಅಜ್ಜಿಯ ಕಾಲದ ಅಚ್ಚುಮಣೆಗಳಿದ್ದರೆ ಈ ಸಂಕ್ರಾಂತಿಗೆ ಕೆಳಗಿಳಿಸಿ, ರಾತ್ರಿ ನೀರಿಗೆ ಹಾಕಿ. ಮನೆಯಲ್ಲಿ ಹದ ಬಲ್ಲ ಹಿರಿಯರಿದ್ದರೆ ಒಲೆಯ ಮುಂದೆ ಕೂರಿಸಿಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ. ಮೊದಲ ಗಿಳಿಯ ಕೊಕ್ಕು ಮುರಿದರೆ ಚಿಂತೆಯಿಲ್ಲ. ಆ ಸಕ್ಕರೆಗೆ ಒಂದಿಷ್ಟು ನೀರು ಹಾಕಿ ಕರಗಿಸಿದರೆ ಮತ್ತೆ ಹೊಯ್ಯಬಹುದು.