ಮನಿಕೊಂಡಿದ್ದಕ್ಕೂ ಕೂಲಿ ಕೊಟ್ಟ ಕಾಲ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಭಾನುವಾರಗಳಲ್ಲಿ ನಂಜನಗೂಡಿನ ನಮ್ಮ ಬೀದಿಯಲ್ಲಿ ಕೂತು ವಯಸ್ಸಾದವರಿಗೆ ಆಯುಷ್ಮಾನ್ ಕಾರ್ಡಿನ ಅರ್ಜಿ ತುಂಬಿಕೊಡ್ತೀನಿ. ಆಫೀಸಲ್ಲಿ ವಾರವಿಡೀ ಮಾಡೋ ಗುಮಾಸ್ತೆ ಕೆಲಸವೇ, ಇಲ್ಲಿ ಸಂಬಳ ಇಲ್ಲ ಅಷ್ಟೇ. ಹೋದ ಭಾನುವಾರ ಒಬ್ಬ ಅಜ್ಜಿ ಆಧಾರ್ ಕಾರ್ಡು ಕೈಯಲ್ಲಿ ಹಿಡ್ಕೊಂಡೇ ಕೇಳಿದರು: "ಐದು ಲಕ್ಷ ಕೊಟ್ಟಾರು ಬುಡಪ್ಪ. ನಾನು ಆಸ್ಪತ್ರೇಲಿ ಇರೋಗಂಟ ನನ್ನ ಮಗಳ ಕೂಲಿ ಯಾರು ಕೊಟ್ಟಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಈ ಪ್ರಶ್ನೆಗೆ ಒಂದು ಕಾಲದಲ್ಲಿ, ಪಕ್ಕದ ತಿ. ನರಸೀಪುರದಲ್ಲೇ, ಅರ್ಧ ಉತ್ತರ ಸಿಕ್ಕಿತ್ತು. ಆ ಚರಿತ್ರೆ ನಮ್ಮವರಿಗೇ ಮರೆತುಹೋಗಿದೆ. ಅದಕ್ಕೇ ಬರೀತಿದ್ದೀನಿ.

ಮೊದಲು ಬಾಬಾಸಾಹೇಬರ ಕಾಲಕ್ಕೆ ಹೋಗೋಣ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಅವರ ಅವಧಿಯಲ್ಲೇ, 1943ರಲ್ಲಿ, ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆ ಹೇಗಿರಬೇಕು ಅಂತ ವರದಿ ಕೊಡೋ ಕೆಲಸವನ್ನು ಪ್ರೊ. ಬಿ.ಪಿ. ಅದರ್ಕರ್ ಅವರಿಗೆ ವಹಿಸಲಾಯಿತು. ಮುಂದೆ ಬಾಬು ಜಗಜೀವನರಾಮ್ ಕಾರ್ಮಿಕ ಮಂತ್ರಿಯಾಗಿದ್ದಾಗ, 1948ರಲ್ಲಿ, ಅದು ಇಎಸ್‌ಐ ಕಾಯ್ದೆಯಾಯಿತು. ಆ ಕಾಯ್ದೆಯಲ್ಲಿ ಎರಡು ಕಾಲು ಇದ್ದವು. ಒಂದು ಚಿಕಿತ್ಸೆ, ಇನ್ನೊಂದು ಕಾಯಿಲೆ ದಿನಗಳ ಸಂಬಳ. ಇವತ್ತಿಗೂ ಇಎಸ್‌ಐ ಕಾರ್ಮಿಕ ಹಾಸಿಗೆ ಹಿಡಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತೆ. ನಿಯಮದ ಪ್ರಕಾರ ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಇದೆ. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ದುಡಿದು ನಿವೃತ್ತರಾದ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಆದರೆ ಈ ಕಾಯ್ದೆ ಕಾರ್ಖಾನೆ ಗೇಟಿನ ಒಳಗಿನವರಿಗೆ. ಗೇಟಿನ ಹೊರಗೆ, ಕಬಿನಿ ನಾಲೆ ಬಯಲಿನ ಭತ್ತದ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕೋರು ಯಾರು? ಬಹುಪಾಲು ನಮ್ಮವ್ವಂದಿರೇ. ಅವರಿಗೆ ಐವತ್ತು ವರ್ಷ ಏನೂ ಬರಲಿಲ್ಲ.

ಬಂದಿದ್ದು 2002ರಲ್ಲಿ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಯಳಂದೂರು ಕಡೆ ಕುಷ್ಠರೋಗಿಗಳ ಸೇವೆಯಿಂದ ಶುರುವಾದ ಸಂಸ್ಥೆ. ಅದು ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ, ಸರ್ಕಾರಿ ಸ್ವಾಮ್ಯದ ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಜೊತೆ ಸೇರಿ ತಿ. ನರಸೀಪುರ ಮತ್ತು ಬೈಲಹೊಂಗಲ ತಾಲೂಕುಗಳಲ್ಲಿ ಒಂದು ಸಮುದಾಯ ವಿಮೆ ಶುರುಮಾಡಿತು. ಕಂತು ತಲೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿ ಚಿಲ್ಲರೆ. ಬಡತನ ರೇಖೆಗಿಂತ ಕೆಳಗಿನ ಪರಿಶಿಷ್ಟರ ಕಂತು ಪೂರ್ತಿ ಸಹಾಯಧನದಲ್ಲೇ. ಸರ್ಕಾರಿ ಆಸ್ಪತ್ರೆಗೆ ಸೇರಿದರೆ ದಿನಕ್ಕೆ 100 ರೂಪಾಯಿ: 50 ಔಷಧಿಗೆ, 50 ರೋಗಿ ಕಳಕೊಂಡ ಕೂಲಿಗೆ. ವರ್ಷಕ್ಕೆ 25 ದಿನ, ಅಂದ್ರೆ ಹೆಚ್ಚೆಂದರೆ 2,500 ರೂಪಾಯಿ.

ನಮ್ಮ ಊರು ಅದೇ ತಾಲೂಕು. 2003ರಲ್ಲಿ ನಾನು ಬಿಎ ಮುಗಿಸಿ ಕೆಲಸ ಹುಡುಕ್ತಾ ಇದ್ದೆ. ಅವ್ವನಿಗೆ ಜ್ವರ ಬಂದು ಏಳು ದಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದಳು. ಬಿಡುಗಡೆ ಆಗುವಾಗ ಕೈಗೆ 350 ರೂಪಾಯಿ ಬಂತು. ನಮ್ಮೂರಲ್ಲಿ ಆಗ ಹೆಣ್ಣಾಳಿನ ಕೂಲಿ ಐವತ್ತು ಮುಟ್ಟಿರಲಿಲ್ಲ. ಅವ್ವ ಊರೆಲ್ಲ ಹೇಳ್ಕೊಂಡು ಬಂದಳು: "ಮನಿಕೊಂಡಿದ್ದಕ್ಕೂ ಕೂಲಿ ಕೊಟ್ರು ಕನ್ಲಾ ಮಗ!" ಹುಟ್ಟಿದಾಗಿಂದ ದುಡಿದಿದ್ದಕ್ಕೇ ಸರಿಯಾಗಿ ಕೂಲಿ ಕಾಣದೋಳು ಅವಳು.

ಆಮೇಲೆ ಯೋಜನೆ ಮೇಲೆ ಯೋಜನೆ ಬಂದವು. 2003ರಲ್ಲೇ ಯಶಸ್ವಿನಿ ಬಂತು, ವರ್ಷಕ್ಕೆ 60 ರೂಪಾಯಿ. ಒಳ್ಳೇದೇ, ಆದರೆ ಸಹಕಾರ ಸಂಘದ ಸದಸ್ಯರಾಗಿರಬೇಕು. ಜಮೀನೇ ಇಲ್ಲದವರಿಗೆ ಕೃಷಿ ಪತ್ತಿನ ಸಂಘದ ಷೇರು ಎಲ್ಲಿಂದ ಬರಬೇಕು? ವಯಸ್ಸು 75 ದಾಟಿದರೆ ಅದೂ ಇಲ್ಲ. ಅದೇ ವರ್ಷ ಕೇಂದ್ರದ ಸಾರ್ವತ್ರಿಕ ಆರೋಗ್ಯ ವಿಮೆ ಬಂತು. ಬಡವರ ಕಂತಿಗೆ ಸಬ್ಸಿಡಿ ಕೊಟ್ಟರು, ಆದರೆ ಬಾಗಿಲು 65ಕ್ಕೇ ಬಂದ್. ಕಾಯಿಲೆ ಬರೋ ವಯಸ್ಸಿಗೆ ವಿಮೆ ಮುಗಿಯೋದು ಎಂಥಾ ನ್ಯಾಯ ಸ್ವಾಮಿ?

2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ವಯಸ್ಸಿನ ಮಿತಿ ತೆಗೆದರು. ಕಂತು ಸರ್ಕಾರದ್ದೇ, ನಮ್ಮದು 30 ರೂಪಾಯಿ ನೋಂದಣಿ. ಒಂದು ಕಾರ್ಡಿಗೆ 30,000 ರೂಪಾಯಿ, ಆದರೆ ಐದೇ ಜನ. ಆರನೆಯವರು ಮನೆಯಲ್ಲಿ ಯಾರಾಗ್ತಾರೆ ಹೇಳಿ? ಮೂಲೆಯಲ್ಲಿ ಕೂತ ಅಜ್ಜಿ ತಾನೇ. 2016ರಲ್ಲಿ ಹಿರಿಯರಿಗೇ ಅಂತ ಇನ್ನೊಂದು 30,000 ಸೇರಿಸಿದರು. ಈ ಯೋಜನೆಯಲ್ಲಿ ಆಸ್ಪತ್ರೆಗೆ ಸೇರಿದಾಗ 100 ರೂಪಾಯಿ ಬಸ್ ಖರ್ಚಾದರೂ ಇತ್ತು. ಕೂಲಿ ಇರಲಿಲ್ಲ.

2010ರಲ್ಲಿ ಕಲಬುರಗಿ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ. ನಮ್ಮ ಮೈಸೂರು ಕಡೆಗೆ ಬರೋ ಹೊತ್ತಿಗೆ 2012 ಆಯಿತು. ಯೋಜನೆ ಇದ್ದ ಹಳ್ಳಿ, ಇಲ್ಲದ ಹಳ್ಳಿ ಹೋಲಿಸಿ ಮಾಡಿದ ಅಧ್ಯಯನವೊಂದು 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಡ ಕುಟುಂಬಗಳಲ್ಲಿ ಆ ಕಾಯಿಲೆಗಳಿಂದ ಸತ್ತವರು ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ಅಂದ್ರೆ ಈ ಕಾರ್ಡುಗಳು ಜೀವ ಉಳಿಸುತ್ತವೆ, ಇದರಲ್ಲಿ ಎರಡು ಮಾತಿಲ್ಲ. "ಕಾರ್ಡು ಬರೀ ನಾಟಕ" ಅನ್ನೋ ನಮ್ಮ ಗೆಳೆಯರು ಇದನ್ನು ಗಮನಿಸಬೇಕು.

2018ರಲ್ಲಿ ಎಲ್ಲಾ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಕಂತು ಇಲ್ಲ. 2022ರಲ್ಲಿ ಯಶಸ್ವಿನಿ ಮತ್ತೆ ಬಂದಾಗ ಪರಿಶಿಷ್ಟ ಸದಸ್ಯರ ವಂತಿಗೆ ಸರ್ಕಾರವೇ ಕಟ್ಟುತ್ತೆ ಅಂದರು. 2024ರ ಅಕ್ಟೋಬರ್ 29ಕ್ಕೆ ಕೇಂದ್ರ ಸರ್ಕಾರ, 70 ದಾಟಿದ ಎಲ್ಲರಿಗೂ, ಬಡವ ಶ್ರೀಮಂತ ಅನ್ನದೆ, 5 ಲಕ್ಷದ ವಯ ವಂದನಾ ಕಾರ್ಡು ಘೋಷಿಸಿತು.

ಲೆಕ್ಕ ನೋಡಿ. 2,500ರಿಂದ 5 ಲಕ್ಷ, ಇನ್ನೂರು ಪಟ್ಟು. ಆಸ್ಪತ್ರೆಗೆ ಹೋಗೋ ದುಡ್ಡು ಇನ್ನೂರು ಪಟ್ಟಾಯಿತು, ಕೂಲಿಯ ಐವತ್ತು ರೂಪಾಯಿ ಸೊನ್ನೆಯಾಯಿತು.

ಇದು ನನ್ನ ಮನೆಯಲ್ಲೇ ಗೊತ್ತಾಯಿತು. ಕೆಲಸ ಸಿಕ್ಕಮೇಲೆ ಅವ್ವನನ್ನ ನಂಜನಗೂಡಿಗೆ ಕರ್ಕೊಂಡು ಬಂದಿದ್ದೆ. 2022ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರೀತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕಾರ್ಡಿನಲ್ಲೇ ಆಪರೇಷನ್ ಆಯಿತು. ನಮ್ಮಂಥೋರ ಕೈಲಿ ಆಗೋ ಖರ್ಚಲ್ಲ ಅದು, ಋಣ ಮರೆಯಲ್ಲ. ಆದರೆ ಹನ್ನೆರಡು ದಿನ ಆಸ್ಪತ್ರೆಯಲ್ಲಿ, ಆಮೇಲೆ ಒಂದು ತಿಂಗಳು ಮನೆಯಲ್ಲಿ, ಅವ್ವನನ್ನ ಎತ್ತಿ ಕೂರಿಸಿ ನೋಡಿಕೊಂಡಿದ್ದು ಕೂಲಿಗೆ ಹೋಗೋ ನನ್ನಕ್ಕ. ನಾನು ರಜೆ ಹಾಕಿದರೆ ಸಂಬಳ ಬರುತ್ತೆ, ಅಕ್ಕನಿಗೆ ರಜೆ ಅಂದ್ರೆ ಒಲೆ ಹತ್ತಲ್ಲ. ಅಷ್ಟೂ ದಿನ ಅವಳ ಸಂಘದ ಸಾಲದ ಕಂತು ನಿಂತು, ಅದನ್ನ ತೀರಿಸೋಕೆ ಇನ್ನೊಂದು ಸಾಲ ಮಾಡಿದಳು. ವಿಮೆಯ ಕಂತು ಸರ್ಕಾರ ಕಟ್ಟಿತು, ಕಾಯಿಲೆಯ ಕಂತು ಅಕ್ಕ ಕಟ್ಟಿದಳು.

ಇದಕ್ಕೇ ಎಷ್ಟೋ ಹಿರಿಯರು ಕಾರ್ಡು ಇದ್ದೂ ಆಸ್ಪತ್ರೆಗೆ ಹೋಗಲ್ಲ. "ಮಕ್ಕಳ ಕೂಲಿ ಯಾಕೆ ಕೆಡಿಸಲಿ" ಅಂತ ನೋವು ನುಂಗ್ಕೊಂಡು ಮಲಗ್ತಾರೆ.

ದುಡ್ಡಿಲ್ಲ ಅನ್ನಬೇಡಿ. ಪಕ್ಕದ ಆಂಧ್ರಪ್ರದೇಶ 2019ರ ಡಿಸೆಂಬರ್‌ನಲ್ಲಿ ಆರೋಗ್ಯ ಆಸರಾ ಅಂತ ಶುರುಮಾಡಿ, ಚಿಕಿತ್ಸೆ ಆದಮೇಲೆ ವಿಶ್ರಾಂತಿಯ ದಿನಗಳಿಗೆ ರೋಗಿಗೆ ದಿನಕ್ಕೆ 225 ರೂಪಾಯಿ, ತಿಂಗಳಿಗೆ 5,000ದವರೆಗೆ ಕೊಟ್ಟಿತು. ನಮ್ಮಲ್ಲಿ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಇದೆ. ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕು ಅಂತ ಅದು ಹೇಳುತ್ತೆ. 2023ರಲ್ಲಿ ಸಮಾಜ ಕಲ್ಯಾಣ ಸಚಿವರಾದವರು ಆ ವಿಮೆ ಹುಟ್ಟಿದ ತಿ. ನರಸೀಪುರದ ಶಾಸಕರೇ. ಕೇಳೋಕೆ ಇದಕ್ಕಿಂತ ಹತ್ತಿರದ ಬಾಗಿಲು ಯಾವುದಿದೆ?

ನಮ್ಮ ಬೇಡಿಕೆ ಇಷ್ಟೇ. ಬಿಪಿಎಲ್ ಮನೆಯ ರೋಗಿ ಆಸ್ಪತ್ರೆಯಲ್ಲಿರೋ ಪ್ರತಿ ದಿನಕ್ಕೂ ರೋಗಿಗೆ ಮತ್ತು ಜೊತೆಗಿರೋ ಒಬ್ಬರಿಗೆ ನರೇಗಾ ದರದ ಕೂಲಿ ಕೊಡಿ. 2025-26ರಲ್ಲಿ ಆ ದರ 370 ರೂಪಾಯಿ ಇತ್ತು. ಬಿಡುಗಡೆ ದಿನ ಕೊಡಿ, ಆರು ತಿಂಗಳು ಅಲೆಸಬೇಡಿ.

ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಎತ್ತಿ, ಠರಾವು ಬರೆಸಿ. ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದ್ದರೆ ಎಷ್ಟು ದಿನದ ಕೂಲಿ ಹೋಯಿತು ಅಂತ ಚೀಟಿಯಲ್ಲಿ ಬರೆದಿಡಿ. ಆ ಚೀಟಿಗಳನ್ನ ಒಟ್ಟು ಮಾಡಿ ಅರ್ಜಿ ಟೈಪ್ ಮಾಡೋ ಕೆಲಸ ನನಗಿರಲಿ.

ಆ ಅಜ್ಜಿ ಕಾರ್ಡು ಮಾಡಿಸಿಕೊಂಡೇ ಹೋದರು. ಪ್ರಶ್ನೆ ನನ್ನ ಹತ್ತಿರ ಬಿಟ್ಟು ಹೋಗಿದ್ದಾರೆ.

ಜೈಭೀಮ್.