ಆಹಾರದ ಅನಿಲಗಳೂ ತಲಾವಾರು ಲೆಕ್ಕವೂ

ಭೂಮಂಡಲದ ಶಾಖವನ್ನು ಹೆಚ್ಚಿಸುವ ಅನಿಲಗಳಲ್ಲಿ ಯಾವ ದೇಶದ ಪಾಲು ಎಷ್ಟೆಂಬುದು ವಿಜ್ಞಾನಿಗಳ ಗಣಿತವೆಂದು ಸಾಹಿತ್ಯಾಭ್ಯಾಸಿಗಳು ಕೈಬಿಡುವುದುಂಟು. ಆದರೆ ಶಾಸನಗಳಲ್ಲಿನ ಕೊಳಗ, ಖಂಡುಗಗಳನ್ನು ಕುರಿತು ಬಹುವಾಗಿ ಚರ್ಚಿಸಿರುವ ನಮಗೆ, ಕೊಳಗ ಬದಲಾದರೆ ರಾಶಿಯ ಅಳತೆಯೂ ಬದಲಾಗುವುದೆಂಬುದು ಹೊಸ ಮಾತಲ್ಲ. ಆಹಾರದ ವಿಷಯದಲ್ಲಿ ಈ ಕೊಳಗವು ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1990ರಲ್ಲಿ ವಾಷಿಂಗ್‌ಟನ್ ನಗರದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಪ್ರಕಟಿಸಿದ ಪಟ್ಟಿಯಲ್ಲಿ ಭಾರತವು ಮೊದಲ ಐದು ದೇಶಗಳೊಳಗೆ ಸೇರಿತ್ತು. ಬತ್ತದ ಗದ್ದೆಗಳಿಂದಲೂ ದನಕರುಗಳಿಂದಲೂ ಹೊರಡುವ ಮೀಥೇನ್ ಅನಿಲವೂ ಆ ಲೆಕ್ಕದಲ್ಲಿತ್ತು. ಮರುವರ್ಷವೇ ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು ಇದನ್ನು ಖಂಡಿಸಿ ಒಂದು ಕಿರುಹೊತ್ತಗೆಯನ್ನು ಹೊರಡಿಸಿದರು. ಅನಿಲಗಳನ್ನು ಹೀರಿಕೊಳ್ಳುವ ಕಡಲು ಕಾಡುಗಳ ಶಕ್ತಿಯನ್ನು ಜನಸಂಖ್ಯೆಗೆ ಅನುಸಾರವಾಗಿ ಹಂಚಬೇಕೆಂಬುದು ಅವರ ಒಂದು ವಾದ. ಹೊಟ್ಟೆಪಾಡಿನ ಗದ್ದೆಯ ಮೀಥೇನನ್ನೂ ಮೋಟಾರು ವಾಹನಗಳ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಮತ್ತೊಂದು. ಎರಡನೆಯದು ನ್ಯಾಯವಿಚಾರವೇ ಹೊರತು ಭೌತಶಾಸ್ತ್ರವಲ್ಲ. ವಾತಾವರಣಕ್ಕೆ ಎರಡೂ ಅನಿಲವೇ. ಆದರೂ ಹೊಣೆಯನ್ನು ಹಂಚುವಾಗ ನ್ಯಾಯವನ್ನು ಹೊರಗಿಡುವುದು ಸಾಧ್ಯವೆಂದು ತೋರುವುದಿಲ್ಲ.

ಈ ವಾದಕ್ಕಿಂತಲೂ ಫಲಕಾರಿಯಾದುದು ಗದ್ದೆಗಳಲ್ಲೇ ನಡೆದ ಅಳತೆ. ಭಾರತದ ಗದ್ದೆಗಳು ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನನ್ನು ಹೊರಸೂಸುವುವೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯ ಅಂದಾಜಾಗಿತ್ತು. ಇಂತಹ ಅಂದಾಜುಗಳಿಗೆ ಯೂರೋಪ್, ಅಮೆರಿಕಗಳ ಹೊಲಗಳಲ್ಲಿ ದೊರೆತ ಮಾನಗಳೇ ಆಧಾರ. 1991ರಲ್ಲಿ ಅಶೇಷಪ್ರಸಾದ ಮಿತ್ರರ ನೇತೃತ್ವದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೂ ಇತರ ಸಂಸ್ಥೆಗಳವರೂ ದೇಶದ ಹಲವೆಡೆ ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆಗಳನ್ನು ಕವಿಚಿ, ಒಳಗಣ ಗಾಳಿಯನ್ನು ಕಾಲಕಾಲಕ್ಕೆ ಸೆಳೆದು ಪರೀಕ್ಷಿಸಿದರು. ಬಂದ ಫಲ ಸುಮಾರು 40 ಲಕ್ಷ ಟನ್. ಎಂದರೆ ಹಿಂದಿನ ಅಂದಾಜಿನ ಒಂಬತ್ತನೆಯ ಒಂದು ಪಾಲು! ಮೀಥೇನ್ ಹುಟ್ಟುವುದು ಗಾಳಿಯಿಲ್ಲದ ಕೆಸರಿನಲ್ಲಿ. ನಮ್ಮ ಗದ್ದೆಗಳಲ್ಲಿ ಅನೇಕವು ಮಳೆಯನ್ನೇ ನಂಬಿದುವು, ನಡುನಡುವೆ ನೀರಾರುವುವು, ಮಣ್ಣಿನಲ್ಲಿ ಸಾವಯವಾಂಶವೂ ಕಡಿಮೆ. ಭಾರತವು 2004ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದ ವರದಿಯಲ್ಲಿಯೂ 1994ರ ಬಾಬತ್ತು ಹೆಚ್ಚುಕಡಿಮೆ ಇಷ್ಟೇ ಇದೆ. ಪರರ ಹೊಲದ ಕೊಳಗದಿಂದ ನಮ್ಮ ಹೊಲವನ್ನಳೆದುದರ ಫಲವಿದು.

ಗದ್ದೆ, ಕೊಟ್ಟಿಗೆಗಳಲ್ಲದೆ ಕಾಡು ಕಡಿತ, ಗೊಬ್ಬರ, ಸಾಗಣೆ, ಅಡುಗೆ, ಕಸ ಇವೆಲ್ಲವನ್ನೂ ಕೂಡಿಸಿ 2021ರಲ್ಲಿ ಮೋನಿಕಾ ಕ್ರಿಪ್ಪಾ ಮತ್ತು ಸಂಗಡಿಗರು ವಿಸ್ತಾರವಾದ ಲೆಕ್ಕವನ್ನು ಪ್ರಕಟಿಸಿದರು. ಅದರಂತೆ 2015ರಲ್ಲಿ ಜಗತ್ತಿನ ಆಹಾರವ್ಯವಸ್ಥೆಯಿಂದ ಹೊರಟ ಅನಿಲಗಳು, ಇಂಗಾಲದ ಡೈಆಕ್ಸೈಡಿಗೆ ಸಮೀಕರಿಸಿದಲ್ಲಿ, 1,800 ಕೋಟಿ ಟನ್. ಮಾನವಕೃತವಾದ ಒಟ್ಟಿನಲ್ಲಿ ಶೇಕಡ 34. ಇದರಲ್ಲಿ ಅಮೆರಿಕದ ಪಾಲು ಶೇಕಡ 8.2, ಭಾರತದ್ದು 6.3. ಇವೆರಡೂ ಸಮೀಪವೆಂದು ಮೇಲ್ನೋಟಕ್ಕೆ ಕಾಣುವುದು. ಆ ವರ್ಷದ ಜನಸಂಖ್ಯೆಯಿಂದ ಭಾಗಿಸಿದರೆ ಅಮೆರಿಕನಿಗೆ ಸುಮಾರು ನಾಲ್ಕೂವರೆ ಟನ್, ಭಾರತೀಯನಿಗೆ ಒಂದು ಟನ್ನಿಗೂ ಕಡಿಮೆ. ಜಗತ್ತಿನ ಸರಾಸರಿ 2.4 ಟನ್.

ಇಷ್ಟಕ್ಕೇ ತಲಾವಾರು ಲೆಕ್ಕವನ್ನು ನಿರ್ದುಷ್ಟವೆನ್ನಲಾಗದು. ಅದೇ ಕ್ರಮದಿಂದ ಭಾಗಿಸಿದರೆ ಇಂಡೊನೇಷ್ಯದವನಿಗೆ ಸುಮಾರು ಆರು ಟನ್, ಬ್ರೆಜಿಲಿನವನಿಗೆ ಆರೂವರೆ ಟನ್ ಬರುವುದು. ಇವರು ಅಮೆರಿಕನಿಗಿಂತ ಹೆಚ್ಚು ಉಂಡರೆಂದು ಇದರಿಂದ ಊಹಿಸಬಾರದು. ಕಡಿದ ಕಾಡೂ ಬತ್ತಿಸಿದ ಜೌಗುನೆಲವೂ ಆ ದೇಶಗಳ ಖಾತೆಗೆ ಬಿದ್ದಿವೆ. ಅಲ್ಲಿ ಬೆಳೆದ ಸೋಯಾ, ತಾಳೆಯೆಣ್ಣೆಗಳಲ್ಲಿ ಬಹುಭಾಗವನ್ನು ಬಳಸಿದವರು ಚೀನ, ಯೂರೋಪ್ ಮತ್ತು ನಮ್ಮ ದೇಶದವರು. ತಾಳೆಯೆಣ್ಣೆಯನ್ನು ಆಮದು ಮಾಡಿಕೊಳ್ಳುವವರಲ್ಲಿ ಭಾರತವೇ ಅಗ್ರಗಣ್ಯವೆಂಬುದನ್ನು ನಮ್ಮ ವಾದಿಗಳು ಅಷ್ಟಾಗಿ ಹೇಳುವುದಿಲ್ಲ. ಬೆಳೆದವನ ಬದಲು ಉಂಡವನ ಹೆಸರಿಗೆ ಲೆಕ್ಕ ಬರೆದರೆ, ನಮ್ಮ ಒಂದು ಟನ್ನಿನೊಳಗಣ ಬಾಬತ್ತು ಕೊಂಚ ಏರಬಹುದು. ಬ್ರೆಜಿಲಿನ ಆರೂವರೆಯಂತೂ ಇಳಿಯಲೇಬೇಕು.